ರಸ್ತೆಗೆ ಮುದುಕ, ವಿಂಟೇಜಿಗೆ ಎಳಸು!

ನಲವತ್ತು ತುಂಬಿದ ಒಂದು ಕಾಂಟೆಸ್ಸಾ ಕಾರಿನ ಕಥೆ

ದಾವಣಗೆರೆ: ಬೆಳಗ್ಗೆ ಒಂಬತ್ತರ ಹೊತ್ತು. ಪಿ.ಬಿ. ರಸ್ತೆಯಲ್ಲಿ ಹರಿಹರದ ಬಸ್ಸಿಗೆ ಕಾದು ನಿಂತವರ ಕತ್ತುಗಳೆಲ್ಲ ಒಂದೇ ಸಲ ಬಲಕ್ಕೆ ತಿರುಗಿದವು. ಮಂತ್ರಿಗಳು ಬಂದರೇ? ಇಲ್ಲ. ಸಿನಿಮಾದವರೇ? ಅದೂ ಅಲ್ಲ. ಬಂದದ್ದು ಒಂದು ಕಾರು. ಉದ್ದ ಮೂತಿ, ಎದುರಿಗೆ ಜೋಡಿ ಜೋಡಿಯಾಗಿ ನಾಲ್ಕು ದುಂಡನೆಯ ಹೆಡ್‌ಲೈಟು, ಹಿಂದಿನ ಚಕ್ರದ ಹತ್ತಿರ ಸ್ವಲ್ಪ ಉಬ್ಬಿದ ಸೊಂಟ, ಮೈಯೆಲ್ಲ ಬೆಣ್ಣೆ ಬಣ್ಣ. ಸೀಟು ಹಿಡಿಯುವ ಗಡಿಬಿಡಿಯಲ್ಲಿ ಸ್ವಂತ ಹೆಂಡತಿ ಕೂಗಿದರೂ ತಿರುಗದ ಗಂಡಸರು ಕೂಡ ಬಸ್ಸನ್ನು ಮರೆತು ನೋಡುತ್ತ ನಿಂತರು.

ಕಾಲೇಜಿಗೆ ಹೊರಟಿದ್ದ ಹುಡುಗನೊಬ್ಬ ಪಕ್ಕದವರನ್ನು ಕೇಳಿದ: ‘ಯಾವ ಕಂಪನಿ ಅಂಕಲ್? ಹೊಸದಾಗಿ ಬಂದಿದ್ದಾ?’

ಪಕ್ಕದವರು ನಕ್ಕರು. ‘ಹೊಸದಲ್ಲೋ ತಮ್ಮಾ. ನಿಮ್ಮಪ್ಪ ನಿನ್ನ ವಯಸ್ಸಿನಲ್ಲಿದ್ದಾಗಿನದು. ಕಾಂಟೆಸ್ಸಾ ಅಂತಾರೆ ಇದಕ್ಕೆ.’

ಹುಡುಗನದೇನೂ ತಪ್ಪಿಲ್ಲ. ಕಾರು ಹಾಗೇ ಇತ್ತು. ಬಾಗಿಲ ಸಂದು ಸಂದೂ ಗೆರೆ ಎಳೆದ ಹಾಗೆ ಒಂದೇ ಅಳತೆ. ಬಂಪರಿನ ಹೊಳಪು ಮಾಸಿರಲಿಲ್ಲ. ನಂಬರ್ ಪ್ಲೇಟಿನ ಮೇಲೆ ಮಾತ್ರ ವಯಸ್ಸು ಕಾಣುತ್ತಿತ್ತು. ಕೆಎ 17 ಎಂಬುದು ಇನ್ನೂ ಹುಟ್ಟಿಯೇ ಇರದ, ದಾವಣಗೆರೆಯು ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕಾಗಿದ್ದ ಕಾಲದ ಮೂರಕ್ಷರದ ನಂಬರು. 1986ರ ಮಾರ್ಚಿನಲ್ಲಿ ರಿಜಿಸ್ಟರ್ ಆದ ಗಾಡಿ. ಅಂದರೆ 2026ರ ಮಾರ್ಚಿಗೆ ಸರಿಯಾಗಿ ನಲವತ್ತು ತುಂಬಿತು.

ಕಾರು ಮೆರವಣಿಗೆಗೆ ಹೊರಟಿರಲಿಲ್ಲ. ಹೊರಟಿದ್ದು ಆರ್‌ಟಿಒ ಕಚೇರಿಗೆ. ಇನ್ನು ಐದು ವರ್ಷ ರಸ್ತೆ ಮೇಲೆ ಇರಬಹುದೋ ಬೇಡವೋ ಎಂಬ ತೀರ್ಪು ಆಗಬೇಕಿತ್ತು. ಅದಕ್ಕಿಂತ ದೊಡ್ಡ ತೀರ್ಪೊಂದು ಸ್ಟೇರಿಂಗ್ ಹಿಡಿದು ಕೂತವರ ಮನಸ್ಸಿನಲ್ಲೇ ಬಾಕಿ ಇತ್ತು. ಇಟ್ಟುಕೊಳ್ಳುವುದೋ, ಮಾರುವುದೋ?

ಪೈಲ್ವಾನನ ಮೈ, ಗುಮಾಸ್ತನ ಎದೆ

ಎಂಬತ್ತರ ದಶಕದ ಶುರುವಿನಲ್ಲಿ ಈ ದೇಶದಲ್ಲಿ ಕಾರು ಕೊಳ್ಳಬೇಕೆಂದರೆ ಇದ್ದದ್ದು ಹೆಚ್ಚುಕಡಿಮೆ ಎರಡೇ ದಾರಿ. ಅಂಬಾಸಿಡರ್, ಇಲ್ಲವೆಂದರೆ ಪದ್ಮಿನಿ ಎಂದು ಹೆಸರು ಬದಲಿಸಿಕೊಂಡ ಫಿಯಟ್. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಅಂಥ ಹೊತ್ತಿನಲ್ಲಿ ಒಂದರ ಹಿಂದೆ ಒಂದು ಹೊಸ ಮುಖಗಳು ಬಂದವು. ಬೆಂಗಳೂರಿನ ಸಿಪಾನಿ ಕಂಪನಿ 1982ರಲ್ಲಿ ಫೈಬರ್ ಮೈಯಿನ, 848 ಸಿಸಿಯ ಡಾಲ್ಫಿನ್ ಬಿಟ್ಟಿತು. ಹಗುರ ಗಾಡಿ, ಚಿಮ್ಮುವ ಎಂಜಿನ್. ರ್ಯಾಲಿ ಓಡಿಸುವವರಿಗೆ ಹಿಡಿಸಿತು. 1983ರ ಡಿಸೆಂಬರಿನಲ್ಲಿ 47,500 ರೂಪಾಯಿಯ ಮಾರುತಿ 800 ಬಂದು ಮಧ್ಯಮ ವರ್ಗದವರ ಮನೆ ಬಾಗಿಲಿಗೆ ನಿಂತಿತು. 1985ರಲ್ಲಿ ಮದರಾಸಿನ ಸ್ಟಾಂಡರ್ಡ್ 2000, ಅದೇ ವರ್ಷ ನಿಸ್ಸಾನ್ ಎಂಜಿನ್ನಿನ ಪ್ರೀಮಿಯರ್ 118ಎನ್‌ಇ.

ಇವುಗಳ ನಡುವೆ 1984ರಲ್ಲಿ ಬಂದದ್ದು ಕಾಂಟೆಸ್ಸಾ. ಅಂಬಾಸಿಡರ್ ಮಾಡುತ್ತಿದ್ದ ಹಿಂದೂಸ್ತಾನ್ ಮೋಟರ್ಸ್‌ನವರದೇ ಕೂಸು. ಹುಟ್ಟಿದ್ದು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ. ಜಾತಕ ಮಾತ್ರ ಇಂಗ್ಲೆಂಡಿನದು. ವಾಕ್ಸ್‌ಹಾಲ್ ಎಂಬ ಕಂಪನಿ 1972ರಲ್ಲಿ ಅಲ್ಲಿ ಬಿಟ್ಟ ವಿಕ್ಟರ್ ಎಂಬ ಮಾಡೆಲ್ಲು 1978ಕ್ಕೆ ನಿಂತುಹೋಯಿತು. ಅದರ ಅಚ್ಚುಗಳು ಸಮುದ್ರ ದಾಟಿ ಇಲ್ಲಿಗೆ ಬಂದವು. ಬಿಲಾತಿಯವರು ಬಿಟ್ಟ ಅಂಗಿ ಇಲ್ಲಿನ ಸಾಹುಕಾರರಿಗೆ ಹಬ್ಬದ ಅಂಗಿಯಾಯಿತು ಎಂದು ಆಗ ಅಣಕಿಸಿದವರಿದ್ದರು. ಆದರೆ ಆ ಅಂಗಿಯ ಹೊಲಿಗೆಯೇ ಹಾಗಿತ್ತು. ಅಮೆರಿಕದ ಸಿನಿಮಾಗಳಲ್ಲಿ ಕಳ್ಳರನ್ನು ಅಟ್ಟಿಸಿಕೊಂಡು ಹೋಗುವ ಗಾಡಿಗಳ ಗತ್ತು. ದುಂಡು ಬೆನ್ನಿನ ಅಂಬಾಸಿಡರ್ ನೋಡಿ ನೋಡಿ ಬೇಸತ್ತ ಕಣ್ಣಿಗೆ ಇದೊಂದು ಚಿರತೆ.

ಚಿರತೆ ಸರಿ, ಓಡಬೇಕಲ್ಲ? ಬಾನೆಟ್ ಎತ್ತಿದರೆ ಒಳಗಿದ್ದದ್ದು ಅಂಬಾಸಿಡರಿನದೇ 1489 ಸಿಸಿ ಎಂಜಿನ್. ಸುಮಾರು 50 ಅಶ್ವಶಕ್ತಿ. ಪೈಲ್ವಾನನ ಮೈಗೆ ಗುಮಾಸ್ತನ ಎದೆ ಇಟ್ಟ ಹಾಗೆ! ನೋಡಿದವರು ನೂರಿಪ್ಪತ್ತರಲ್ಲಿ ಹೋಗುತ್ತದೆ ಅಂದುಕೊಳ್ಳಬೇಕು, ಓಡಿಸುವವನು ಚಿತ್ರದುರ್ಗದ ಏರಿನಲ್ಲಿ ಗೇರು ಇಳಿಸುತ್ತ ಬೆವರಬೇಕು. ಈ ಕೊರತೆ ಕಂಪನಿಗೂ ಗೊತ್ತಾಯಿತು. ಎಂಬತ್ತರ ದಶಕದ ಕೊನೆಯ ಭಾಗಕ್ಕೆ ಜಪಾನಿನ ಇಸುಜು ಕಂಪನಿಯ 1817 ಸಿಸಿ ಎಂಜಿನ್ನೂ ಐದು ಗೇರಿನ ಪೆಟ್ಟಿಗೆಯೂ ಬಂದವು. ಅಲ್ಲಿಗೆ ಮೈಗೆ ತಕ್ಕ ಎದೆ ಸಿಕ್ಕಿತು. 2002ರಲ್ಲಿ ಕಾಂಟೆಸ್ಸಾ ತಯಾರಿಕೆಯೇ ನಿಂತಿತು. ಕಡೆಗೆ 2022ರಲ್ಲಿ ಆ ಹೆಸರನ್ನೇ ಬೇರೊಂದು ಕಂಪನಿಗೆ ಕೊಡುವ ಒಪ್ಪಂದವೂ ಆಯಿತು.

ಪಿ.ಬಿ. ರಸ್ತೆಯಲ್ಲಿ ಕತ್ತು ತಿರುಗಿಸಿದ ಬೆಣ್ಣೆ ಬಣ್ಣದ ಗಾಡಿ ಇಸುಜು ಬರುವ ಮೊದಲಿನದು. ಗುಮಾಸ್ತನ ಎದೆಯದೇ. ಇವತ್ತಿಗೂ ಅದೇ ಎಂಜಿನ್. ಇದರ ಸೋಜಿಗ ಇರುವುದೇ ಇಲ್ಲಿ.

ಓಡದ್ದಕ್ಕೇ ಉಳಿಯಿತು

ಇದರ ಜೊತೆಗೆ ಬಂದ ಕಾಂಟೆಸ್ಸಾಗಳೆಲ್ಲ ಏನಾದವು? ದೊಡ್ಡ ಎಂಜಿನ್ನಿನವು ಹೆದ್ದಾರಿಯಲ್ಲಿ ಹಾರಾಡಿ ಕೆಲವು ಮರಕ್ಕೆ, ಕೆಲವು ಲಾರಿಗೆ ಗುದ್ದಿದವು. ಪೆಟ್ರೋಲ್ ದರ ಏರಿದ ಹಾಗೆ ಇನ್ನು ಕೆಲವಕ್ಕೆ ಡೀಸೆಲ್ ಎಂಜಿನ್ ಕೂರಿಸಿ ಬಾಡಿಗೆಗೆ ಹೊಡೆದರು. ಮದುವೆ ದಿಬ್ಬಣ, ತಿರುಪತಿ, ಧರ್ಮಸ್ಥಳ ಅಂತ ಎಲುಬು ಸವೆಯುವವರೆಗೆ ದುಡಿಸಿದರು. ಉಳಿದವು ಮಾಲೀಕರು ಸತ್ತ ಮೇಲೆ ಹಿತ್ತಲಿನಲ್ಲಿ ಟಾರ್ಪಾಲು ಹೊದ್ದು ಕೂತು, ನೆಲ ಹುಳಿದು, ಕೆಜಿ ಲೆಕ್ಕದಲ್ಲಿ ಗುಜರಿ ಸೇರಿದವು.

ಇದು ಮಾತ್ರ ಉಳಿಯಿತು. ಕಾರಣ ಎರಡು. ಒಂದು, ಇದು ಜೋರಾಗಿ ಓಡಲಿಲ್ಲ. ಎರಡು, ಇದನ್ನು ಕೊಂಡವರು ಲೆಕ್ಕದ ಮನುಷ್ಯ.

ಕೊಂಡವರು ಎಪಿಎಂಸಿಯಲ್ಲಿ ಕಾಳುಕಡಿಯ ದಲಾಲಿ ಅಂಗಡಿ ಇಟ್ಟಿದ್ದ ಸಾವ್ಕಾರ್ರು. ಮೆಕ್ಕೆಜೋಳದ ಸೀಸನ್ನಿನಲ್ಲಿ ಕೈತುಂಬ ವಹಿವಾಟು ಇದ್ದರೂ ಅಂಗಡಿಗೆ ಹೋಗುತ್ತಿದ್ದದ್ದು ಸೈಕಲ್ಲಿನಲ್ಲಿ, ಆಮೇಲೆ ಲೂನಾದಲ್ಲಿ. ಕಾರು ಹೊರಗೆ ಬರುತ್ತಿದ್ದದ್ದು ಹಬ್ಬಕ್ಕೆ, ಮದುವೆಗೆ, ವರ್ಷಕ್ಕೊಮ್ಮೆ ಹೋಗುವ ಮನೆದೇವರ ಗುಡಿಗೆ. ‘ಇಷ್ಟು ದೊಡ್ಡ ಕಾರಿಟ್ಟುಕೊಂಡು ಲೂನಾದಾಗ ಬರ್ತೀರಲ್ರೀ’ ಎಂದು ಹಮಾಲರು ಚುಡಾಯಿಸಿದರೆ ಸಾವ್ಕಾರ್ರ ಉತ್ತರ ಒಂದೇ: ‘ಬಂಗಾರದ ಸರ ಹಾಕ್ಕೊಂಡು ಯಾರಾದ್ರೂ ಮೂಟೆ ಹೊರ್ತಾರೇನೋ?’

ದಲಾಲಿ ಅಂಗಡಿಯ ಕಿರ್ದಿಯ ಹಾಗೆ ಕಾರಿಗೂ ಒಂದು ಕೆಂಪು ಬಟ್ಟೆ ರಟ್ಟಿನ ಪುಸ್ತಕ. ಹಾಕಿಸಿದ ಪ್ರತಿ ಲೀಟರ್ ಪೆಟ್ರೋಲು, ಬದಲಿಸಿದ ಪ್ರತಿ ಆಯಿಲ್ಲು, ಕ್ಲಚ್ ಪ್ಲೇಟು, ಫ್ಯಾನ್ ಬೆಲ್ಟು, ಪಂಕ್ಚರಿಗೆ ಕೊಟ್ಟ ಚಿಲ್ಲರೆ, ಎಲ್ಲವೂ ತಾರೀಕು ಸಮೇತ ಅದರಲ್ಲಿದೆ. ನಲವತ್ತು ವರ್ಷಕ್ಕೆ ಓಡಿದ್ದು ಅರವತ್ತೊಂದು ಸಾವಿರ ಕಿಲೋಮೀಟರು. ಹರಿಹರದ ಬಸ್ಸೊಂದು ಅಷ್ಟು ದೂರವನ್ನು ವರ್ಷದೊಳಗೇ ಮುಗಿಸೀತು.

ಸಾವ್ಕಾರ್ರ ಕಟ್ಟಳೆಗಳು ಸರಳ. ಮಳೆಯಲ್ಲಿ ನೆನೆದು ಬಂದ ದಿನ ಎಷ್ಟು ಹೊತ್ತಾದರೂ ಕಾರು ಒರೆಸಿಯೇ ಮಲಗಬೇಕು. ಕಾಲಡಿಯ ಚಾಪೆ ಎತ್ತಿ ಬಿಸಿಲಿಗೆ ಹಾಕಬೇಕು. ಮುಂದಿನ ಗಾಜಿನ ಬುಡದಲ್ಲಿ ಬೇವಿನೆಲೆ ಕೂತರೆ ಆಗಿಂದಾಗಲೇ ತೆಗೆಯಬೇಕು. ಎಲೆ ಕೊಳೆತರೆ ನೀರು ನಿಲ್ಲುತ್ತದೆ, ನೀರು ನಿಂತರೆ ತಗಡು ಹುಳಿಯುತ್ತದೆ. ಇಲಿ ವೈರು ಕಡಿಯದ ಹಾಗೆ ನುಸಿಗುಳಿಗೆ. ಹದಿನೈದು ದಿನಕ್ಕೊಮ್ಮೆ ಸ್ಟಾರ್ಟ್ ಮಾಡಿ ಎರಡು ನಿಮಿಷಕ್ಕೆ ಆಫ್ ಮಾಡುವುದಲ್ಲ, ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ಒಂದು ಸುತ್ತು ಹೊಡೆದೇ ಬರಬೇಕು. ಇದರಲ್ಲಿ ಯಾವುದಕ್ಕೂ ದುಡ್ಡು ಬೇಕಿಲ್ಲ. ಬೇಕಾದದ್ದು ಸೋಮಾರಿತನ ಇಲ್ಲದ ಮೈ. ಈ ಊರಿನ ಅಂಗಡಿಕಾರರಿಗೆ ಇದು ಹೊಸ ಮಾತೇನಲ್ಲ. ದಿನಾ ಬೆಳಗ್ಗೆ ತಕ್ಕಡಿ ಒರೆಸುವವನ ತಕ್ಕಡಿ ಮೂವತ್ತು ವರ್ಷ ಬಾಳುತ್ತದೆ, ಒರೆಸದವನದು ಮೂರೇ ವರ್ಷ.

ಮೇಸ್ತ್ರಿ ಹೇಳುವ ಪಾಠ

ಕಾರಿನ ಎರಡನೇ ಯಜಮಾನರೆಂದರೆ ಗ್ಯಾರೇಜ್ ಮೇಸ್ತ್ರಿ. ಇಪ್ಪತ್ತಾರನೇ ವಯಸ್ಸಿನಲ್ಲಿ ಈ ಗಾಡಿಯ ಮೊದಲ ಆಯಿಲ್ ಬದಲಿಸಿದವರಿಗೆ ಈಗ ಅರವತ್ತಾರು. ಬೇರೆ ಮೇಸ್ತ್ರಿ ಇದರ ಬಾನೆಟ್ ಮುಟ್ಟಿದ್ದೇ ಇಲ್ಲ.

ಹಳೇ ಗಾಡಿ ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಹೊಳೆಯುವ ಪೇಂಟು ನೋಡಿ ಮರುಳಾಗುವವರನ್ನು ಕಂಡರೆ ಮೇಸ್ತ್ರಿಗೆ ನಗು. ‘ಪೇಂಟ್ ಅಂದ್ರೆ ಪೌಡರ್ ಇದ್ದಂಗ್ರಿ. ಮುಖ ತೊಳೆದ ಮೇಲೆ ನೋಡ್ಬೇಕು’ ಎನ್ನುತ್ತಾರೆ. ಅವರು ಮುಖ ತೊಳೆಸುವ ರೀತಿ ಹೀಗಿದೆ. ಕಾಂಟೆಸ್ಸಾ ಬಿಡಿ, ಹಳೇ ಮಾರುತಿ ಕೊಳ್ಳುವವರಿಗೂ ಉಪಯೋಗಕ್ಕೆ ಬರುವ ಮಾತು.

ಮೊದಲು ಕಾರಿನ ಹೊರಗಲ್ಲ, ಕೆಳಗೆ ನೋಡಬೇಕು. ಲಾರಿಗಾದರೆ ಚಾಸಿ ಬೇರೆ, ಮೈ ಬೇರೆ. ಇಂಥ ಕಾರುಗಳಿಗೆ ಮೈಯೇ ಚಾಸಿ. ನೆಲದ ತಗಡು ಹುಳಿದರೆ ಬೆನ್ನುಮೂಳೆಯೇ ಹೋದಂತೆ. ಕಾಲಡಿಯ ಚಾಪೆ ಎತ್ತಿ ಮೂಗು ಹಿಡಿದು ನೋಡಿದರೆ ಮುಗ್ಗಲು ವಾಸನೆ ಬಂದೀತು. ಬಂದರೆ ಅಲ್ಲಿ ನೀರು ನಿಂತಿದೆ ಎಂದೇ ಅರ್ಥ. ಬಾಗಿಲಿನ ಕೆಳ ಅಂಚು, ಚಕ್ರದ ಕಮಾನು, ಬ್ಯಾಟರಿ ಕೂರುವ ತಟ್ಟೆ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಣಿ, ಇವು ತುಕ್ಕಿನ ತವರುಮನೆಗಳು.

ಆಮೇಲೆ ಜೇಬಿನಿಂದ ಒಂದು ಚಿಕ್ಕ ಅಯಸ್ಕಾಂತ ತೆಗೆದು, ಪೇಂಟ್ ಗೀರದ ಹಾಗೆ ತೆಳು ಬಟ್ಟೆ ಸುತ್ತಿ ಮೈಮೇಲೆ ಆಡಿಸಬೇಕು. ತಗಡಿದ್ದಲ್ಲಿ ಹಿಡಿಯುತ್ತದೆ. ಜಾರಿ ಬಿದ್ದಲ್ಲಿ ಒಳಗೆ ಪುಟ್ಟಿ ಮೆತ್ತಿದ್ದಾರೆ. ಕಿಟಕಿಯ ರಬ್ಬರ್ ಬೀಡಿಂಗ್ ಅಂಚನ್ನು ಸ್ವಲ್ಪ ಸರಿಸಿ ನೋಡಿದರೆ ಕಂಪನಿಯ ಬಣ್ಣ ಯಾವುದಿತ್ತು ಎಂಬ ಗುಟ್ಟೂ ಹೊರಬೀಳುತ್ತದೆ.

ಎಂಜಿನ್ ಮಾತಿಗೆ ಬಂದರೆ ಹೊಗೆಯೇ ಸಾಕ್ಷಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ, ಖರ್ಚು ದೊಡ್ಡದು. ಕಪ್ಪಾದರೆ ಪೆಟ್ರೋಲ್ ಹೆಚ್ಚು ಕುಡಿಯುತ್ತಿದೆ, ಕಾರ್ಬೋರೇಟರ್ ನೋಡಿಸಿದರೆ ಸರಿಹೋದೀತು. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಒಳಗೆ ನೀರು ಸೇರುತ್ತಿದೆ. ಆಯಿಲ್ ಮುಚ್ಚಳ ತೆಗೆದಾಗ ಅದರ ಒಳಮೈಯಲ್ಲಿ ಮಜ್ಜಿಗೆಯಂಥ ನೊರೆ ಕಂಡರೆ ಗಾಡಿ ಅಲ್ಲೇ ಬಿಟ್ಟು ಮನೆ ದಾರಿ ಹಿಡಿಯುವುದು ಲೇಸು. ಟೈರಿನ ನಕ್ಷೆ ನೋಡಿ ಹೊಸದು ಎಂದುಕೊಳ್ಳಬಾರದು. ಪಕ್ಕದಲ್ಲಿ ನಾಲ್ಕಂಕಿಯ ಗುರುತಿರುತ್ತದೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ಮಾಡಿದ್ದು ಎಂದರ್ಥ. ಓಡದೆ ನಿಂತ ಟೈರು ಸವೆಯುವುದಿಲ್ಲ, ಆದರೆ ಸಾಯುತ್ತದೆ.

ಕಡೆಯದಾಗಿ ಕಾಗದ. ಆರ್‌ಸಿಯಲ್ಲಿರುವ ಚಾಸಿ ನಂಬರು, ಎಂಜಿನ್ ನಂಬರು ಗಾಡಿಯ ಮೇಲಿರುವುದಕ್ಕೆ ತಾಳೆಯಾಗಬೇಕು. ಬ್ಯಾಂಕಿನ ಸಾಲ ತೀರಿದ್ದರೂ ಆರ್‌ಸಿಯಲ್ಲಿ ಹೆಸರು ಹೊಡೆಸದೆ ಬಿಟ್ಟಿರುತ್ತಾರೆ, ಅದನ್ನೂ ನೋಡಬೇಕು.

ಸಾಮಾನಿನ ಗತಿ ಏನು? ‘ಎಂಜಿನ್ ಅಂಬಾಸಿಡರ್ದು ಆಗಿದ್ದೇ ಪುಣ್ಯ ಬಂತ್ರಿ. ಆಗ ಎಲ್ರೂ ಇದಕ್ಕೆ ನಗ್ತಿದ್ರು. ಈಗ ನೋಡ್ರಿ, ಬೆಂಗ್ಳೂರು ಜೆ.ಸಿ. ರೋಡಿಗೆ ಹೋದ್ರೆ ಇವತ್ತಿಗೂ ಎಂಜಿನ್ ಸಾಮಾನು ಸಿಗ್ತೈತಿ. ಆದ್ರ ಮುಂದಿನ ಗ್ಲಾಸ್ ಒಡೀತೋ, ಹಿಂದಿನ ಲೈಟು ಒಡೀತೋ, ಆಗ ದೇವ್ರೇ ಗತಿ’ ಎನ್ನುತ್ತಾರೆ ಮೇಸ್ತ್ರಿ. ಅಂಬಾಸಿಡರ್ ತಯಾರಿಕೆ 2014ರವರೆಗೂ ನಡೆದದ್ದರಿಂದ, ಅದರ ಹಳೇ ಎಂಜಿನ್ನಿನ ಸಾವಿರಾರು ಗಾಡಿಗಳು ಊರೂರಲ್ಲಿ ಓಡಾಡಿದ್ದರಿಂದ ಆ ಅನುಕೂಲ ಉಳಿದಿದೆ. ಅಂದು ಕೊರತೆ ಎನಿಸಿದ್ದೇ ಇಂದು ಉಸಿರು ಉಳಿಸಿದೆ.

ಹೊಸ ತಲೆನೋವೊಂದಿದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿಗೆ ಶೇಕಡಾ 20ರವರೆಗೆ ಎಥೆನಾಲ್ ಬೆರೆಸುತ್ತಾರೆ. 2023ರ ಏಪ್ರಿಲ್‌ನಿಂದೀಚೆಗೆ ತಯಾರಾದ ಗಾಡಿಗಳು ಅದಕ್ಕೆ ಹೊಂದಿಕೊಂಡಿವೆ. 1986ರ ಗಾಡಿಯ ರಬ್ಬರ್ ಪೈಪು, ಕಾರ್ಬೋರೇಟರಿನ ವಾಷರು ಅದನ್ನು ಕಂಡದ್ದೇ ಇಲ್ಲ. ಎಥೆನಾಲ್ ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತದೆ, ಹಳೇ ರಬ್ಬರನ್ನು ಊದಿಸಿ ಮೆತ್ತಗಾಗಿಸುತ್ತದೆ. ಅದಕ್ಕೇ ಮೇಸ್ತ್ರಿ ಟ್ಯಾಂಕಿನಿಂದ ಎಂಜಿನ್ನಿನವರೆಗಿನ ಪೈಪುಗಳನ್ನೆಲ್ಲ ಬದಲಿಸಿದ್ದಾರೆ. ಪೆಟ್ರೋಲ್ ವಾಸನೆ ಬಂದರೆ ಒಂದು ಕ್ಷಣವೂ ತಡಮಾಡದೆ ಗಾಡಿ ನಿಲ್ಲಿಸಿ ಎಂದು ಕಟ್ಟಪ್ಪಣೆ ಬೇರೆ. ಸೋರುವ ಪೈಪಿನ ಕೆಳಗೆ ಬಿಸಿ ಸೈಲೆನ್ಸರ್ ಇರುತ್ತದೆ ಎಂಬುದನ್ನು ಮರೆತವರ ಕಾರುಗಳು ನಡುರಸ್ತೆಯಲ್ಲಿ ಹೊತ್ತಿ ಉರಿದಿವೆ.

ಆರು ನೂರರಿಂದ ಹತ್ತು ಸಾವಿರಕ್ಕೆ

ಖಾಸಗಿ ಕಾರಿನ ಆರ್‌ಸಿಗೆ ಮೊದಲ ಆಯುಸ್ಸು 15 ವರ್ಷ. ಆಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿಯನ್ನು ತಪಾಸಣೆಗೆ ಒಡ್ಡಿ ನವೀಕರಿಸಬೇಕು. ಈ ಕಾಂಟೆಸ್ಸಾ 2001ರಲ್ಲಿ ಒಮ್ಮೆ, 2006, 2011, 2016, 2021ರಲ್ಲಿ ಮತ್ತೆ ಮತ್ತೆ ಆ ಪರೀಕ್ಷೆ ಪಾಸಾಗಿದೆ.

2021ರಲ್ಲಿ ಕಟ್ಟಿದ ಫೀಸು 600 ರೂಪಾಯಿ. 2022ರ ಏಪ್ರಿಲ್ ಒಂದರಿಂದ ಅದು 5,000 ಆಯಿತು. 2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಮತ್ತೊಂದು ಆದೇಶ ಹೊರಡಿಸಿ, 20 ವರ್ಷ ದಾಟಿದ ಕಾರುಗಳಿಗೆ 10,000 ಎಂದಿತು. ಹಸಿರು ತೆರಿಗೆ, ವಿಮೆ, ಹೊಗೆ ಸರ್ಟಿಫಿಕೇಟು ಬೇರೆ. ಸರ್ಕಾರದ ಲೆಕ್ಕಾಚಾರವೂ ಗುಟ್ಟೇನಲ್ಲ. ಹಳೇ ಗಾಡಿಗಳು ಹೊಗೆ ಹೆಚ್ಚು ಉಗುಳುತ್ತವೆ. ಜನ ಅವನ್ನು ಬಿಡಲಿ ಎಂಬುದೇ ಉದ್ದೇಶ. ತಿಂಗಳಿಗೆ ಸಾವಿರಾರು ಕಿಲೋಮೀಟರ್ ಓಡುವ ಹೊಗೆ ಗಾಡಿಗೆ ಇದು ಸರಿಯಾದ ಮದ್ದೇ. ಆದರೆ ವರ್ಷಕ್ಕೆ ಸಾವಿರದೈನೂರು ಕಿಲೋಮೀಟರು ಓಡುವ, ತಪಾಸಣೆಯಲ್ಲಿ ಪ್ರತಿ ಸಲ ಪಾಸಾಗುವ ಗಾಡಿಗೂ ಅದೇ ಮದ್ದು, ಅದೇ ಅಳತೆ.

ಹಾಗಾದರೆ ಹಳೇ ಕಾರುಗಳ ಮೇಲೆ ಸರ್ಕಾರಕ್ಕೆ ಪ್ರೀತಿಯೇ ಇಲ್ಲವೇ? ಇದೆ. 2021ರ ಜುಲೈನಲ್ಲೇ ವಿಂಟೇಜ್ ಗಾಡಿಗಳಿಗೆ ಪ್ರತ್ಯೇಕ ನಿಯಮ ಬಂದಿದೆ. ಹತ್ತು ವರ್ಷದ ನೋಂದಣಿ, ‘ವಿಎ’ ಎಂಬ ಅಕ್ಷರ ಇರುವ ಗೌರವದ ನಂಬರ್ ಪ್ಲೇಟು. ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ, ಪ್ರದರ್ಶನ, ರ್ಯಾಲಿಗಳಿಗೆ ಹೋಗಬಹುದು. ಆದರೆ ಎರಡು ಷರತ್ತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಮೈ, ಚಾಸಿ, ಎಂಜಿನ್ ಬದಲಿಸದೆ ಮೂಲ ರೂಪದಲ್ಲೇ ಇರಬೇಕು.

1986ಕ್ಕೆ 50 ಸೇರಿಸಿದರೆ 2036. ಇನ್ನೂ ಹತ್ತು ವರ್ಷ! ಎಂಬತ್ತರ ದಶಕದಲ್ಲಿ ಬಂದ ಕಾಂಟೆಸ್ಸಾ, ಡಾಲ್ಫಿನ್, 118ಎನ್‌ಇ, ಮೊದಲ ಮಾರುತಿಗಳು ಎಲ್ಲಕ್ಕೂ ಇದೇ ಪಾಡು. ರಸ್ತೆಯ ಲೆಕ್ಕದಲ್ಲಿ ಮುದುಕ, ವಿಂಟೇಜ್ ಲೆಕ್ಕದಲ್ಲಿ ಎಳಸು. ನಡುವಿನ ಈ ಬಯಲಿನಲ್ಲೇ ಒಳ್ಳೊಳ್ಳೆಯ ಗಾಡಿಗಳು ಗುಜರಿ ಸೇರುತ್ತಿವೆ.

ಮೂವರು ಗಿರಾಕಿಗಳು

ಸಾವ್ಕಾರ್ರು 2021ರಲ್ಲಿ ತೀರಿಕೊಂಡರು. ಕಾರು ಮಗನ ಪಾಲಿಗೆ ಬಂತು. ಮಗ ಮಂಡಿಪೇಟೆ ಕಡೆ ಹಾರ್ಡ್‌ವೇರ್ ಅಂಗಡಿ ಇಟ್ಟವರು. ಮೊಳೆ, ಕೀಲು, ಪೈಪು ಮಾರಿ ಮಗಳನ್ನು ಇಂಜಿನಿಯರಿಂಗ್ ಓದಿಸುತ್ತಿರುವವರು. ಕಾರಿನ ಶೆಡ್ಡಿನ ಜಾಗ ಗೋಡೌನಿಗೆ ಬೇಕು. ಫೀಸಿಗೆ ದುಡ್ಡೂ ಬೇಕು. ಮಾರಿಬಿಡುವುದೇ ಸರಿ ಎಂದು ಅವರ ಮನಸ್ಸು ಒಂದು ವರ್ಷದಿಂದ ಹೇಳುತ್ತಿತ್ತು.

ಮೊದಲು ಬಂದವನು ಗುಜರಿಯವನು. ಬಾಗಿಲು ತೆಗೆಯಲಿಲ್ಲ, ಬಾನೆಟ್ ಎತ್ತಲಿಲ್ಲ. ಒಂದು ಸುತ್ತು ಹಾಕಿ ‘ಸಾವಿರದ ಚಿಲ್ಲರೆ ಕೆಜಿ ಬೀಳ್ಬೋದು’ ಎಂದ. ಮನೆಯವರೆಲ್ಲ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಎರಡನೆಯವನು ಮದುವೆಗೆ ಕಾರು ಬಾಡಿಗೆ ಕೊಡುವವನು. ‘ಮೇಲ್ಛಾವಣಿ ಕೊಯ್ದು ಓಪನ್ ಮಾಡಿದ್ರೆ ಮದುಮಕ್ಕಳನ್ನ ನಿಲ್ಲಿಸ್ಬೋದು’ ಎಂದ. ಮೇಸ್ತ್ರಿ ಅಲ್ಲೇ ಇದ್ದರು. ಮುಂದಿನ ಮಾತು ಅಚ್ಚು ಹಾಕುವಂಥದ್ದಲ್ಲ.

ಮೂರನೆಯವರು ಬೆಂಗಳೂರಿನಿಂದ ಬ್ರೋಕರ್ ಜೊತೆ ಬಂದ ಯುವಕರು. ಇವರಿಗೆ ಕಾರೆಂದರೆ ಪ್ರಾಣ. ಮಂಡಿಯೂರಿ ಕೆಳಗೆಲ್ಲ ನೋಡಿದರು, ಬಾಗಿಲು ಹಾಕಿ ‘ಧಪ್’ ಎಂಬ ಸದ್ದು ಕೇಳಿ ಕಣ್ಣು ಮುಚ್ಚಿಕೊಂಡರು. ನಾಲ್ಕು ಲಕ್ಷ ಎಂದರು. ಮಗನ ಎದೆ ಒಂದು ಬಡಿತ ತಪ್ಪಿತು. ಇನ್ನೇನು ಕೈ ಕುಲುಕಬೇಕು, ಅಷ್ಟರಲ್ಲಿ ಯುವಕರು ಖುಷಿಯಲ್ಲಿ ಮುಂದಿನದನ್ನೂ ಹೇಳಿದರು. ಈ ಎಂಜಿನ್ ಕಿತ್ತು ಹೊಸ ಜಪಾನಿ ಎಂಜಿನ್ ಕೂರಿಸುತ್ತಾರಂತೆ. ಬೆಣ್ಣೆ ಬಣ್ಣ ತೆಗೆದು ಕೆಂಪು ಹೊಡೆಸುತ್ತಾರಂತೆ. ಅಗಲ ಟೈರು ಹಾಕಿ ನೂರೈವತ್ತರಲ್ಲಿ ಓಡಿಸುತ್ತಾರಂತೆ.

ಅದರಲ್ಲಿ ಪಾಪವೇನೂ ಇಲ್ಲ. ದುಡ್ಡು ಕೊಟ್ಟವರು ತಮ್ಮಿಷ್ಟದಂತೆ ಮಾಡಿಕೊಳ್ಳುತ್ತಾರೆ. ಎಂಜಿನ್ ಬದಲಿಸಲು ಆರ್‌ಟಿಒ ಅನುಮತಿ ಬೇಕು ಎಂಬುದೊಂದು ಬಿಟ್ಟರೆ. ಆದರೆ ಮೇಸ್ತ್ರಿ ಮಗನನ್ನು ಪಕ್ಕಕ್ಕೆ ಕರೆದು ಎರಡು ಮಾತು ಹೇಳಿದರು. ‘ಅಣ್ಣಾರ, ಎಂಜಿನ್ ಬದಲಿಸಿದ್ರೆ ಇದಕ್ಕೆ ವಿಂಟೇಜ್ ಅನ್ನೋ ಹೆಸರು ಎಂದಿಗೂ ಬರಲ್ಲ. ಅದು ಕಾಯ್ದೆ ಮಾತು. ನನ್ ಮಾತು ಇನ್ನೊಂದೈತಿ. ಈ ಊರಾಗ ಕಾಂಟೆಸ್ಸಾ ಭಾಳ ಬಂದ್ವು. ಕಂಪನಿ ಹೆಂಗ್ ಕೊಡ್ತೋ ಹಂಗೇ ಇರೋದು ನನ್ ಕಣ್ಣಿಗೆ ಬಿದ್ದಿದ್ದು ಇದೊಂದೇ. ಓಡಲ್ಲ ಅಂತ ಬೈದ್ವಿ, ನಕ್ವಿ. ಆದ್ರ ಹೆಂಗಿತ್ತು ಅಂತ ನಾಳೆ ಹುಡುಗ್ರಿಗೆ ತೋರ್ಸಾಕ ಒಂದಾದ್ರೂ ಬೇಕಲ್ರೀ.’

ಮಗ ಉತ್ತರ ಕೊಡಲಿಲ್ಲ. ಬ್ರೋಕರಿಗೆ ‘ಸೋಮವಾರ ಬರ್ರಿ’ ಎಂದರು.

ಪುಸ್ತಕದ ಕಡೆಯ ಸಾಲು

ಸೋಮವಾರಕ್ಕೆ ಮುಂಚೆ ಕಾಗದಗಳನ್ನು ಹೊಂದಿಸಬೇಕಿತ್ತು. ಮಾರಿದರೂ ಕಾರಿಗೆ ನವೀಕರಣವಾದ ಆರ್‌ಸಿ ಇದ್ದರೆ ಬೆಲೆ. ಮಗ ಕಪಾಟಿನಿಂದ ಕೆಂಪು ರಟ್ಟಿನ ಪುಸ್ತಕ ತೆಗೆದರು. ಅಪ್ಪ ಹೋದ ಮೇಲೆ ಅದನ್ನು ತೆರೆದಿರಲಿಲ್ಲ. ಕಡೆಯ ಬರಹ 2021ರ ಮಾರ್ಚಿನದು. ‘ಆರ್‌ಸಿ ರಿನಿವಲ್ 600. ಇನ್ನು ಐದು ವರ್ಷ ಚಿಂತೆ ಇಲ್ಲ.’ ಅದಾದ ಎರಡು ತಿಂಗಳಿಗೆ ಕೊರೊನಾದ ಎರಡನೇ ಅಲೆಯಲ್ಲಿ ಸಾವ್ಕಾರ್ರು ಹೋದರು. ಆ ಸಾಲಿನ ಕೆಳಗೆ ಪುಟವೆಲ್ಲ ಖಾಲಿ. ಕಾರು ಮಾತ್ರ ಖಾಲಿ ಕೂತಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ಬಂದು ಸ್ಟಾರ್ಟ್ ಮಾಡಿ ಒಂದು ಸುತ್ತು ಹೊಡೆದು ಬರುತ್ತಿದ್ದವರು ಮೇಸ್ತ್ರಿ. ಐದು ವರ್ಷದಲ್ಲಿ ಒಂದು ಸಲವೂ ಅದಕ್ಕೆ ದುಡ್ಡು ಕೇಳಿರಲಿಲ್ಲ. ಲೆಕ್ಕದ ಪುಸ್ತಕದಲ್ಲಿ ಬರೆಯದೆ ಉಳಿದ ಬಾಕಿ ಅದೊಂದೇ.

ತಪಾಸಣೆಯ ದಿನ ಪಿ.ಬಿ. ರಸ್ತೆ ದಾಟಿ ಕಾರು ಆರ್‌ಟಿಒ ಅಂಗಳಕ್ಕೆ ಬಂತು. ಸಾಲಿನಲ್ಲಿ ಟಾಟಾ ಏಸ್, ಶಾಲಾ ವ್ಯಾನು, ಒಂದೆರಡು ಮುಪ್ಪಾದ ಮಾರುತಿ. ಇನ್‌ಸ್ಪೆಕ್ಟರ್ ಸಾಹೇಬರು ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದ ಪ್ರಿಂಟನ್ನು ಆರ್‌ಸಿಗೆ ತಾಳೆ ನೋಡಿದರು. ಲೈಟು, ಇಂಡಿಕೇಟರ್, ಹಾರ್ನು, ವೈಪರು. ಬ್ರೇಕ್ ಹಾಕಿಸಿದರು. ಎಂಜಿನ್ ನಂಬರ್ ಕೂಡ ನೋಡಿ ತಲೆ ಎತ್ತಿದರು. ‘ಹಳೇ ಎಂಜಿನ್ನೇ ಇದೆಯಲ್ರಿ!’ ಎಂದರಂತೆ. ಎಡಗಡೆಯ ಹಿಂದಿನ ಇಂಡಿಕೇಟರ್ ಮಾತ್ರ ಮಿನುಗಲಿಲ್ಲ. ಮಗನ ಮುಖ ಬಿಳಿಚಿತು. ಮೇಸ್ತ್ರಿ ಡಿಕ್ಕಿ ತೆಗೆದು ಬೆರಳಿನಲ್ಲೊಂದು ಏಟು ಕೊಟ್ಟರು, ಬಲ್ಬಿನ ಕಾಂಟ್ಯಾಕ್ಟ್ ಉಜ್ಜಿದರು. ಮಿನುಗಿತು. ಪಾಸು!

ಹತ್ತು ಸಾವಿರ ಕಟ್ಟಿ ರಸೀದಿ ಕೈಗೆ ಬಂದ ಮೇಲೆ ಮಗ ಕಾರಿನ ಬಾನೆಟ್ ಮೇಲೆಯೇ ಕೆಂಪು ಪುಸ್ತಕ ಬಿಡಿಸಿ, ಅಪ್ಪನ ಸಾಲಿನ ಕೆಳಗೆ ಬರೆದರು: ‘2026 ಮಾರ್ಚ್. ಆರ್‌ಸಿ ರಿನಿವಲ್ 10,000.’ ಚಿಂತೆ ಇಲ್ಲ ಎಂದು ಬರೆಯಲು ಕೈ ಬರಲಿಲ್ಲವೇನೋ, ಅಷ್ಟಕ್ಕೇ ನಿಲ್ಲಿಸಿದರು. ಆಮೇಲೆ ಕೀ ತೆಗೆದು ಮೇಸ್ತ್ರಿ ಕೈಗಿಟ್ಟು ತಾವು ಹೋಗಿ ಎಡಗಡೆ ಸೀಟಿನಲ್ಲಿ ಕೂತರು. ‘ನೀವೇ ಹೊಡೀರಿ ಮೇಸ್ತ್ರಿ, ಬೆಣ್ಣೆ ದೋಸೆ ತಿಂದ್ಕೊಂಡು ಹೋಗಾಣ.’

ಸೋಮವಾರ ಬ್ರೋಕರ್ ಬಂದ. ಕಾಫಿ ಕೊಟ್ಟರು, ಕಾರು ಕೊಡಲಿಲ್ಲ. ಗೋಡೌನಿಗೆ ಶೆಡ್ಡಿನ ಪಕ್ಕದಲ್ಲೇ ಒಂದು ತಗಡಿನ ಮಾಡು ಎಳೆದಿದ್ದಾರೆ. ಮಗಳ ಫೀಸಿಗೆ ಬ್ಯಾಂಕಿನ ಸಾಲ ಹಾಕಿದ್ದಾರೆ. ಲೆಕ್ಕ ಹಾಕಿದರೆ ನಷ್ಟದ ವ್ಯಾಪಾರವೇ. ಮಂಡಿಪೇಟೆಯಲ್ಲಿ ಕೆಲವರು ಹಾಗೆ ಅಂದೂ ಬಿಟ್ಟರು. ಹಾಗೆ ಅಂದವರೇ ಭಾನುವಾರ ಬೆಳಗ್ಗೆ ಕಾರು ಹೊರಗೆ ಬಂದಾಗ ಮೊಮ್ಮಕ್ಕಳನ್ನು ಕರೆತಂದು ‘ಒಂದು ರೌಂಡ್ ಹಾಕ್ಸಪ್ಪಾ’ ಎಂದು ಕೇಳುತ್ತಿದ್ದಾರೆ ಎಂಬುದು ಬೇರೆ ಮಾತು.

ಮುಂದಿನ ನವೀಕರಣ 2031ಕ್ಕೆ. ವಿಂಟೇಜ್ ಪಟ್ಟ 2036ಕ್ಕೆ. ಆಗ ಫೀಸು ಎಷ್ಟಾಗಿರುತ್ತದೋ, ಪೆಟ್ರೋಲಿನಲ್ಲಿ ಪೆಟ್ರೋಲ್ ಎಷ್ಟಿರುತ್ತದೋ ಬಲ್ಲವರಾರು? ಅಲ್ಲಿಯವರೆಗೆ ಹದಿನೈದು ದಿನಕ್ಕೊಮ್ಮೆ ಒಂದು ಬೆಣ್ಣೆ ಬಣ್ಣದ ಕಾರು ಪಿ.ಬಿ. ರಸ್ತೆಯಲ್ಲಿ ನಿಧಾನವಾಗಿ ಒಂದು ಸುತ್ತು ಹೊಡೆಯುತ್ತದೆ. ಹರಿಹರದ ಬಸ್ಸಿಗೆ ಕಾಯುವವರು ನೋಡಿ ಕಣ್ತುಂಬಿಕೊಳ್ಳಬಹುದು. ಅವಸರವೇನೂ ಬೇಡ. ಆ ಕಾರು ಯಾವತ್ತೂ ಜೋರಾಗಿ ಹೋಗುವುದಿಲ್ಲ.